ಬಡಿಸುವ ಕೈಗೆ ಕೇಳುವ ದನಿಯೂ ಬೇಕು

ಕಳಸದಿಂದ ಹೊರನಾಡಿಗೆ ಹೋಗುವವರು ಭದ್ರಾ ಹೊಳೆಯನ್ನು ದಾಟುವುದು ಹೆಬ್ಬಾಳೆಯ ಸೇತುವೆಯ ಮೇಲೆ. ಕುದುರೆಮುಖದ ಕಡೆ ಜಡಿಮಳೆ ಹಿಡಿದಾಗ ಹೊಳೆ ಈ ಸೇತುವೆಯನ್ನೇ ಮುಳುಗಿಸಿ ಹರಿದದ್ದು, ಬಸ್ಸು ಲಾರಿಗಳು ಸುತ್ತುದಾರಿ ಹಿಡಿದದ್ದು ಎಷ್ಟೋ ಸಲ. ಹಾಗಿದ್ದೂ ಶ್ರೀ ಆದಿಶಕ್ತ್ಯಾತ್ಮಕ ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಬಂದವರು ಹಸಿದು ಹೊರಟರು ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ. ಊಟದ ಮನೆಯಲ್ಲಿ ಪಂಕ್ತಿ ಕೂತವರ ಮುಂದೆ ಅನ್ನ ಬೀಳುತ್ತದೆ, ಸಾರು ಬೀಳುತ್ತದೆ, ಪಾಯಸ ಬರುತ್ತದೆ, ಮಜ್ಜಿಗೆಯೊಂದಿಗೆ ಊಟ ಮುಗಿಯುತ್ತದೆ. ಬಡಿಸುವವರು ಊರು ಯಾವುದು, ಜಾತಿ ಯಾವುದು ಎಂದು ವಿಚಾರಿಸುವುದಿಲ್ಲ. ಇನ್ನೊಂದಿಷ್ಟು ಹಾಕಲೆ ಎಂಬುದೊಂದೇ ಅವರ ಪ್ರಶ್ನೆ. ಈ ಅನ್ನದ ಅಕ್ಕಿ ಬಹುಮಟ್ಟಿಗೆ ಈ ಬೆಟ್ಟಗಳಲ್ಲಿ ಬೆಳೆದದ್ದಲ್ಲ. ಮೂಡಿಗೆರೆ, ಕಳಸ, ಕೊಪ್ಪದ ಕಣಿವೆಗಳಲ್ಲಿ ಒಂದು ಕಾಲಕ್ಕೆ ಗದ್ದೆಗಳಾಗಿದ್ದ ಎಷ್ಟೋ ಜಾಗ ಇಂದು ಅಡಿಕೆ ತೋಟ, ಕಾಫಿ ತೋಟ. ಮಲೆನಾಡಿನ ಮನುಷ್ಯ ಉಣ್ಣುವ ಅಕ್ಕಿ ಬಯಲುಸೀಮೆಯ ಗಿರಣಿಯಿಂದ ಬರುತ್ತದೆ. ನ್ಯಾಯಬೆಲೆ ಅಂಗಡಿಯ ಅಕ್ಕಿಯಾದರೆ ಭಾರತ ಆಹಾರ ನಿಗಮದ ಗೋದಾಮುಗಳನ್ನು ಹಾದು ಇನ್ನೂ ದೂರದಿಂದ ಬರುತ್ತದೆ. ಯಾರೋ ಕಾಣದ ರೈತ ಬೆಳೆದದ್ದನ್ನು, ಯಾರೋ ಕಾಣದ ಭಕ್ತ ಕೊಟ್ಟ ಕಾಣಿಕೆಯಿಂದ ಕೊಂಡು, ಯಾರೋ ಗುರುತಿಲ್ಲದ ಯಾತ್ರಿಕನಿಗೆ ಬಡಿಸುವ ಏರ್ಪಾಡು ಇದು. ಅನ್ನದಾನವನ್ನು ನಾವು ಒಂದು ಊರಿನ, ಒಂದು ದೇವಸ್ಥಾನದ ಪುಣ್ಯಕಾರ್ಯವೆಂದು ಹೇಳಿಕೊಂಡು ಬಂದಿದ್ದೇವೆ. ನಡೆದು ಬಂದ ರೀತಿಯಲ್ಲಿ ಮಾತ್ರ ಅದು ಯಾವತ್ತೂ ಊರಿನ ಗಡಿಯೊಳಗೆ ನಿಂತದ್ದಲ್ಲ.

ಕ್ಷೇತ್ರದ ಚರಿತ್ರೆಯನ್ನು ನೆನೆಯುವ ಇಂಥ ಸಂಚಿಕೆಯಲ್ಲಿ ಜೀರ್ಣೋದ್ಧಾರದ ಕಥೆಗೆ, ಧರ್ಮಕರ್ತರ ಪರಂಪರೆಗೆ ಮೊದಲ ಜಾಗ ಸಲ್ಲುವುದು ನ್ಯಾಯ. ಕಾಡಿನ ನಡುವಿನ ಚಿಕ್ಕ ಗುಡಿಯಾಗಿದ್ದದ್ದು ಐದನೆಯ ಧರ್ಮಕರ್ತರಾದ ಡಿ. ಬಿ. ವೆಂಕಟಸುಬ್ಬಾ ಜೋಶಿಯವರ ಕಾಲದಲ್ಲಿ ಜೀರ್ಣೋದ್ಧಾರಗೊಂಡು 1973ರಲ್ಲಿ ಪುನಃಪ್ರತಿಷ್ಠೆಯಾಯಿತು. ಆಮೇಲೆ ಬಂದ ಭೀಮೇಶ್ವರ ಜೋಶಿಯವರ ಕಾಲದಲ್ಲಿ ಹೊರನಾಡು ಎಂದರೆ ಊಟ ಎಂಬಷ್ಟು ಈ ಹೆಸರು ನಾಡಿನ ಬಾಯಲ್ಲಿ ನಿಂತಿತು. ಆದರೆ ಅನ್ನಕ್ಷೇತ್ರವೊಂದರ ಚರಿತ್ರೆಯಲ್ಲಿ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದು, ಬಂದವರಿಗೆ ಬಡಿಸುವುದು. ಇನ್ನೊಂದು, ಬರಲಾಗದವರ ಪರವಾಗಿ ಆಳುವವರ ಮುಂದೆ ನಿಂತು ಕೇಳುವುದು. ಮೊದಲನೆಯದರಲ್ಲಿ ಕರ್ನಾಟಕದ ಧಾರ್ಮಿಕ ಸಂಸ್ಥೆಗಳಿಗೆ ಸಾಟಿಯಿಲ್ಲ. ಎರಡನೆಯದನ್ನು ನಾವು ಬಹುಪಾಲು ಬೇರೆಯವರಿಗೆ ಬಿಟ್ಟುಕೊಟ್ಟಿದ್ದೇವೆ ಎಂಬುದೇ ಈ ಲೇಖನದ ವಾದ. ಹಸಿದವರ ಅನ್ನಕ್ಕಾಗಿ, ಅದರಲ್ಲೂ ದೇಶದ ಗಡಿಯಾಚೆ ಹಸಿದವರ ಅನ್ನಕ್ಕಾಗಿ, ಸರ್ಕಾರದ ಬೊಕ್ಕಸದಿಂದ ಹಣ ತೆಗೆದಿಡಿ ಎಂದು ಕೇಳುವ ಹಕ್ಕೂ ಹೊಣೆಯೂ ಅನ್ನಪೂರ್ಣೆಯ ಹೆಸರು ಹೊತ್ತ ಕ್ಷೇತ್ರಕ್ಕೆ ಎಲ್ಲರಿಗಿಂತ ಹೆಚ್ಚು ಇದೆ.

ಧರ್ಮ ರಾಜ್ಯದ ಮುಂದೆ ಕೈ ಒಡ್ಡಬಾರದು ಎಂಬ ಆಕ್ಷೇಪ ಮೊದಲು ಬರುವಂಥದ್ದು. ಭಕ್ತರ ಬೆವರಿನ ಕಾಣಿಕೆಯಿಂದ ನಡೆದರೇ ಅನ್ನದಾನ, ಸರ್ಕಾರದ ದುಡ್ಡು ಸೇರಿದರೆ ಅದು ಯೋಜನೆ ಎನ್ನುವವರಿದ್ದಾರೆ. ಈ ಮಾತಿನ ಹಿಂದಿನ ಸ್ವಾಭಿಮಾನ ಗೌರವಕ್ಕೆ ಯೋಗ್ಯವಾದದ್ದು. ಚರಿತ್ರೆ ಮಾತ್ರ ಇದಕ್ಕೆ ಒತ್ತಾಸೆ ಕೊಡುವುದಿಲ್ಲ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 6ನೆಯ ಸಂಪುಟ ಅಂದಿನ ಕಡೂರು ಜಿಲ್ಲೆಯದು, ಅಂದರೆ ನಮ್ಮ ಇಂದಿನ ಚಿಕ್ಕಮಗಳೂರಿನದು. 13ನೆಯ ಶತಮಾನದಲ್ಲಿ ಕಳಸವನ್ನು ಆಳಿದ ಜಾಕಲ ಮಹಾದೇವಿ, ಕಾಳಲ ಮಹಾದೇವಿಯರಂಥ ರಾಣಿಯರನ್ನು ನಾವು ಬಲ್ಲದ್ದು ಶಾಸನಗಳಿಂದ. ಕನ್ನಡ ನಾಡಿನ ಶಾಸನಗಳನ್ನು ತೆರೆದು ನೋಡಿದವರಿಗೆ ದೇವರ ಅಮೃತಪಡಿಗೆ, ನಂದಾದೀಪಕ್ಕೆ, ಸತ್ರಕ್ಕೆ ಎಂದು ಗದ್ದೆ, ತೋಟ, ಸುಂಕದ ಪಾಲು ಬಿಟ್ಟುಕೊಟ್ಟ ದಾನಪತ್ರಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಸುಂಕದ ಪಾಲು ಎಂದರೆ ಪ್ರಜೆಗಳ ತೆರಿಗೆ. ನಮ್ಮ ಅನ್ನಸತ್ರಗಳ ಬೆನ್ನ ಹಿಂದೆ ಅರಸರ ಬೊಕ್ಕಸ ಯಾವತ್ತೂ ಇತ್ತು. 1955ರ ಇನಾಂ ರದ್ದತಿ ಕಾಯಿದೆ, ಆಮೇಲೆ 1974ರ ಭೂಸುಧಾರಣೆ ಬಂದು ದೇವಸ್ಥಾನಗಳ ಭೂಮಿ ಉಳುವವರ ಕೈಸೇರಿತು. ಅದು ನ್ಯಾಯವಾದ ಬದಲಾವಣೆಯೇ. ಆಗ ಕಳೆದುಕೊಂಡ ಹುಟ್ಟುವಳಿಗೆ ಬದಲಾಗಿ ಸರ್ಕಾರ ಕೊಡತೊಡಗಿದ ವಾರ್ಷಿಕ ಮೊತ್ತಕ್ಕೆ ತಸ್ತೀಕು ಎಂದು ಹೆಸರು. ತಸ್ತೀಕು ಸಾಲದು, ಹೆಚ್ಚಿಸಿ ಎಂದು ಅರ್ಚಕರ ಸಂಘಗಳು ಬೆಂಗಳೂರಿಗೆ ಹೋಗಿ ಮನವಿ ಕೊಟ್ಟದ್ದು ಎಲ್ಲರಿಗೂ ಗೊತ್ತು. ಮಂತ್ರಿಗಳ ಬಾಗಿಲು ತಟ್ಟುವುದು ನಮಗೆ ಬಾರದ ವಿದ್ಯೆಯೇನಲ್ಲ.

ಅಂದರೆ ಕೇಳುವುದರಲ್ಲಿ ತಪ್ಪಿಲ್ಲ. ಯಾರ ಒಲೆಗೆ ಸೌದೆ ಕೇಳುತ್ತಿದ್ದೇವೆ ಎನ್ನುವುದರ ಮೇಲೆ ಕೇಳಿಕೆಯ ತೂಕ ನಿಲ್ಲುತ್ತದೆ. ಇತ್ತೀಚಿನ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಪ್ರಸಾದದ ಮೇಲೆ ತೆರಿಗೆ ಬೀಳಲಿಲ್ಲ, ಆದರೆ ಅದನ್ನು ಮಾಡಲು ಕೊಳ್ಳುವ ತುಪ್ಪ, ಎಣ್ಣೆ, ಸಕ್ಕರೆಯ ಮೇಲೆ ಬಿತ್ತು. ಅಂದು ತುಪ್ಪಕ್ಕಿದ್ದ ದರ ಶೇ. 12. ಅಡುಗೆ ಮನೆಗೆ 7,500 ರೂಪಾಯಿಯ ಒಂದು ಡಬ್ಬ ತುಪ್ಪ ತಂದರೆ 900 ರೂಪಾಯಿ ತೆರಿಗೆ; ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ದಿನಕ್ಕೆ ಸಾವಿರಾರು ಜನಕ್ಕೆ ಬಡಿಸುವ ಕಡೆ ಇದು ಸಣ್ಣ ಲೆಕ್ಕವಲ್ಲ. ಅಮೃತಸರದ ಸ್ವರ್ಣಮಂದಿರದ ಲಂಗರಿನ ಪರವಾಗಿ ಶಿರೋಮಣಿ ಗುರುದ್ವಾರಾ ಪ್ರಬಂಧಕ ಸಮಿತಿ ಪಟ್ಟು ಹಿಡಿದು ಕೇಳಿತು. ಅದರ ಫಲವಾಗಿ 2018ರ ಆಗಸ್ಟ್ 1ರಿಂದ ಕೇಂದ್ರದ ಸಂಸ್ಕೃತಿ ಸಚಿವಾಲಯದ ಸೇವಾ ಭೋಜ್ ಯೋಜನೆ ಜಾರಿಯಾಯಿತು. ಎರಡು ಹಣಕಾಸು ವರ್ಷಗಳಿಗೆ 325 ಕೋಟಿ ರೂಪಾಯಿ. ತಿಂಗಳಿಗೆ ಕನಿಷ್ಠ 5,000 ಜನರಿಗೆ ಉಚಿತ ಊಟ ಹಾಕುವ ಧಾರ್ಮಿಕ, ಧರ್ಮಾರ್ಥ ಸಂಸ್ಥೆಗಳು ಕೊಂಡ ಅಕ್ಕಿ, ಬೇಳೆ, ಹಿಟ್ಟು, ಎಣ್ಣೆ, ತುಪ್ಪ, ಸಕ್ಕರೆ ಬೆಲ್ಲಗಳ ಮೇಲಿನ ಕೇಂದ್ರದ ಪಾಲಿನ ತೆರಿಗೆ ವಾಪಸು. ಗುರುದ್ವಾರ ಕೇಳಿದ್ದರಿಂದ ದೇವಸ್ಥಾನಕ್ಕೂ ಮಸೀದಿಗೂ ಚರ್ಚಿಗೂ ಬಾಗಿಲು ತೆರೆಯಿತು. ಒಂದು ಧರ್ಮಸಂಸ್ಥೆ ಬಿಲ್ಲುಗಳನ್ನು ಜೋಡಿಸಿ, ಲೆಕ್ಕ ಒಪ್ಪಿಸಿ, ಸರ್ಕಾರದ ನಿಲುವನ್ನು ಬದಲಿಸಬಲ್ಲದು ಎಂಬುದಕ್ಕೆ ಇದು ಕಣ್ಣೆದುರಿನ ಸಾಕ್ಷಿ. ಆದರೆ ಇಲ್ಲಿ ಕೇಳಿದ್ದು ತನ್ನದೇ ಒಲೆಗೆ. ತನ್ನ ಬಾಗಿಲಿಗೆ ಬಂದವರ ಅನ್ನಕ್ಕೆ.

ಬಾಗಿಲಿಗೆ ಬರಲಾರದವರ ಕಥೆಗೆ 1876ರಿಂದ 78ರವರೆಗಿನ ಬರವನ್ನು ನೆನೆಯಬೇಕು. ನಮ್ಮ ಹಿರಿಯರು ಅದನ್ನು ಧಾತು ಈಶ್ವರ ಸಂವತ್ಸರಗಳ ಬರವೆಂದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50,55,412. ಹತ್ತು ವರ್ಷದ ಮೇಲೆ, 1881ರಲ್ಲಿ, 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಸುಮಾರು ಎಂಟೂಮುಕ್ಕಾಲು ಲಕ್ಷ ಕುಗ್ಗಿತ್ತು. ಆಗಲೂ ಮೈಸೂರು ಸೀಮೆಯಲ್ಲಿ ಛತ್ರಗಳಿದ್ದವು, ಮಠಗಳಿದ್ದವು, ದಾನಶೂರರಿದ್ದರು. ಯಾವ ಛತ್ರವೂ ಆ ಹಸಿವನ್ನು ತಡೆಯಲಿಲ್ಲ. ಛತ್ರಕ್ಕೆ ನಡೆದು ಬರಬೇಕು. ನಡೆಯಲು ಕಾಲಲ್ಲಿ ಶಕ್ತಿಯಿರಬೇಕು. ಲಾರ್ಡ್ ಲಿಟನ್ನನ ಭಾರತ ಸರ್ಕಾರ ಖರ್ಚಿಗೆ ಹೆದರಿ ಕೈ ಬಿಗಿ ಹಿಡಿದಿತ್ತು. 1877ರ ಆಗಸ್ಟಿನಲ್ಲಿ ಮದರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್ ಲಂಡನ್ನಿನ ಲಾರ್ಡ್ ಮೇಯರ್‌ಗೆ ಮೊರೆಯಿಟ್ಟ ಮೇಲೆ ಮ್ಯಾನ್ಷನ್ ಹೌಸ್ ನಿಧಿ ಎದ್ದಿತು. ಸುಮಾರು 7 ಲಕ್ಷ ಪೌಂಡ್ ಕೂಡಿತು. ಆ ಹಣ ದಕ್ಷಿಣದ ಜಿಲ್ಲೆಗಳಿಗೂ ಮೈಸೂರಿಗೂ ಬಂತು. ಹಂಚುವ ಕೆಲಸಕ್ಕೆ ಪಾದ್ರಿಗಳೂ ಕೈಹಚ್ಚಿದರು. ಹಣಕ್ಕಿಂತ ದೊಡ್ಡದು ಆಮೇಲೆ ನಡೆದದ್ದು. ಸಾವಿನ ಲೆಕ್ಕ ಬಯಲಾಗಿ, ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಪ್ರಶ್ನೆಯೆದ್ದು, ಕ್ಷಾಮ ಆಯೋಗ ಕೂತು, 1883ರ ಹೊತ್ತಿಗೆ ಕ್ಷಾಮ ಸಂಹಿತೆ ರೂಪುಗೊಂಡಿತು. ಬರ ಬಂದರೆ ಜೀವ ಉಳಿಸುವುದು ಸರ್ಕಾರದ ಕೆಲಸ ಎಂಬುದು ಕಾಗದದ ಮೇಲೆ ಬಂದದ್ದು ಹೀಗೆ. ದಾನ ಜೀವ ಉಳಿಸಿತು, ನಿಜ. ಮುಂದಿನ ಬರಕ್ಕೂ ಉಳಿದುಬಂದದ್ದು ಕೇಳಿಕೆಯಿಂದ ಹುಟ್ಟಿದ ಕಟ್ಟಳೆ.

ಸ್ವಾತಂತ್ರ್ಯದ ಹೊಸತರಲ್ಲಿ ಭಾರತವೇ ಇನ್ನೊಂದು ದೇಶದ ಬೊಕ್ಕಸದ ಮುಂದೆ ನಿಲ್ಲಬೇಕಾಯಿತು, ಆಗ ನಮ್ಮ ಪರ ಮಾತಾಡಿದವರಲ್ಲಿ ಪರದೇಶದ ಧರ್ಮಸಂಸ್ಥೆಗಳೂ ಇದ್ದವು. 1946ರ ಆಹಾರದ ಬಿಕ್ಕಟ್ಟಿನಲ್ಲಿ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು ಭಾರತದ ನಿಯೋಗ ಕಟ್ಟಿಕೊಂಡು ವಾಷಿಂಗ್ಟನ್ನಿಗೆ ಹೋದರು. ಅದೇ ವರ್ಷ ಅವರು ಮೈಸೂರಿನ ದಿವಾನರಾದರು. ಆ ಏಪ್ರಿಲಿನಲ್ಲೇ ಅಮೆರಿಕದ ಮಾಜಿ ಅಧ್ಯಕ್ಷ ಹರ್ಬರ್ಟ್ ಹೂವರ್ ಜಗತ್ತಿನ ಹಸಿವಿನ ಅಂದಾಜು ಹಾಕುತ್ತ ಬೆಂಗಳೂರಿಗೂ ಬಂದಿದ್ದರು. ಹೂವರ್ ಕ್ವೇಕರ್ ಪಂಥದ ಮನೆತನದವರು. 1951ರಲ್ಲಿ ಮತ್ತೆ ಕೊರತೆ ಬಿದ್ದಾಗ ಭಾರತ 20 ಲಕ್ಷ ಟನ್ ಧಾನ್ಯ ಕೇಳಿತು. ಅಧ್ಯಕ್ಷ ಟ್ರೂಮನ್ ಫೆಬ್ರುವರಿಯಲ್ಲೇ ಕಾಂಗ್ರೆಸ್ಸಿನ ಮುಂದೆ ಪ್ರಸ್ತಾಪ ಇಟ್ಟರು. ನೆಹರೂ ಅವರ ವಿದೇಶಾಂಗ ನೀತಿಯ ಮೇಲೆ ಸಿಟ್ಟಿದ್ದ ಸದಸ್ಯರು ಅದನ್ನು ತಿಂಗಳುಗಟ್ಟಲೆ ತಡೆದರು. ಹಸಿದವನ ರಾಜಕೀಯ ನೋಡಿ ಅನ್ನ ಹಾಕಬಾರದು ಎಂದು ಚರ್ಚುಗಳ ಒಕ್ಕೂಟ, ಕ್ವೇಕರ್ ಸಂಘಗಳು ಒತ್ತಾಯಿಸಿದವು. ಕೊನೆಗೆ ದಾನವೆಂದು ಕೇಳಿದ್ದು 19 ಕೋಟಿ ಡಾಲರಿನ ಸಾಲವಾಗಿ ಜೂನ್ 15ರಂದು ಕಾಯಿದೆಯಾಯಿತು. ಆ ಸಾಲದ ಬಡ್ಡಿಯ ಒಂದು ಪಾಲು ಭಾರತದ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿಗೆ ಪುಸ್ತಕವಾಗಿ ತಿರುಗಿ ಬಂತು. ಮೂರು ವರ್ಷದ ಮೇಲೆ, 1954ರಲ್ಲಿ, ಅಮೆರಿಕದ ಧಾನ್ಯ ನೆರವಿಗೆಂದೇ ಪಿಎಲ್ 480 ಎಂಬ ಕಾಯಿದೆ ಬಂತು. 1966ರ ಒಂದೇ ವರ್ಷ ಭಾರತ ಸುಮಾರು 1 ಕೋಟಿ ಟನ್ ಧಾನ್ಯ ಆಮದು ಮಾಡಿಕೊಂಡಿತು. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಮಧ್ಯಾಹ್ನ ಕೊಡುತ್ತಿದ್ದ ಗೋಧಿ ಉಪ್ಪಿಟ್ಟು, ಪುಡಿ ಹಾಲು ಅಂದಿನ ಮಕ್ಕಳಿಗೆ ಮರೆತಿಲ್ಲ. ಅದನ್ನು ಕಳಿಸುತ್ತಿದ್ದ ಕೇರ್ ಸಂಸ್ಥೆಯನ್ನು 1945ರಲ್ಲಿ ಕಟ್ಟಿದ 22 ಅಮೆರಿಕನ್ ಸಂಘಗಳಲ್ಲಿ ಧಾರ್ಮಿಕ ಸಂಘಗಳೂ ಇದ್ದವು. ಧಾನ್ಯ ಮಾತ್ರ ಅಮೆರಿಕ ಸರ್ಕಾರದ್ದು. ಕನ್ನಡದ ಮಕ್ಕಳ ತಟ್ಟೆಗೆ ಬಿದ್ದ ಆ ಉಪ್ಪಿಟ್ಟಿನಲ್ಲಿ, ತಮ್ಮ ಸರ್ಕಾರವನ್ನು ಕೇಳುವುದೂ ಭಕ್ತಿಯ ಒಂದು ಭಾಗವೆಂದು ತಿಳಿದಿದ್ದ ಅಪರಿಚಿತರ ದನಿಯೂ ಸೇರಿತ್ತು. ಆ ಋಣ ನಮ್ಮ ಮೇಲಿದೆ.

ಕೇಳುವುದನ್ನೇ ಕಾಯಕ ಮಾಡಿಕೊಂಡ ಸಂಸ್ಥೆ ಆಮೇಲೆ ಅಲ್ಲಿ ಹುಟ್ಟಿತು. ನ್ಯೂಯಾರ್ಕಿನ ಬಡವರ ಕೇರಿಯೊಂದರಲ್ಲಿ ಲುಥೆರನ್ ಪಾದ್ರಿಯಾಗಿದ್ದ ಆರ್ಥರ್ ಸೈಮನ್, ಮನೆಬಾಗಿಲಿಗೆ ಬಂದವರಿಗೆ ಎಷ್ಟು ಹಂಚಿದರೂ ಹಸಿವು ಮುಗಿಯದ್ದನ್ನು ಕಂಡು, 1970ರ ದಶಕದ ಮೊದಲಲ್ಲಿ ಬ್ರೆಡ್ ಫಾರ್ ದ ವರ್ಲ್ಡ್ ಕಟ್ಟಿದರು. ಈ ಸಂಸ್ಥೆ ಯಾರಿಗೂ ಒಂದು ತುತ್ತು ಬಡಿಸುವುದಿಲ್ಲ. ಚರ್ಚಿಗೆ ಬಂದವರು ತಮ್ಮ ಸಂಸತ್ ಸದಸ್ಯರಿಗೆ ಪತ್ರ ಬರೆಯುತ್ತಾರೆ. ಆ ಪತ್ರಗಳನ್ನು ಆರಾಧನೆಯ ಹೊತ್ತಿನಲ್ಲಿ ಕಾಣಿಕೆಯ ತಟ್ಟೆಯಲ್ಲೇ ಇಡುತ್ತಾರೆ. ನಮ್ಮ ಮಲೆನಾಡು ಕರಾವಳಿಯಲ್ಲಿ ಬ್ರಹ್ಮಕಲಶಕ್ಕೆ ಊರೂರಿನಿಂದ ತೆಂಗಿನಕಾಯಿ, ಬಾಳೆಗೊನೆ, ಅಕ್ಕಿಮೂಟೆ ಹೇರಿಕೊಂಡು ಬರುವ ಹೊರೆಕಾಣಿಕೆಯ ಮೆರವಣಿಗೆ ಕಂಡವರಿಗೆ ಇದರ ಭಾವ ಸುಲಭವಾಗಿ ತಿಳಿದೀತು. ಅಲ್ಲಿ ಕಾಗದವೇ ಹೊರೆಕಾಣಿಕೆ. 1976ರಲ್ಲಿ ಅಮೆರಿಕದ ಸಂಸತ್ತು ಅನ್ನದ ಹಕ್ಕಿನ ನಿರ್ಣಯ ಅಂಗೀಕರಿಸಿದ್ದರ ಹಿಂದೆ ಇಂಥ ಪತ್ರಗಳ ರಾಶಿಯಿತ್ತು. ತನಗೆ ಏನೂ ಬೇಡದವನ ಕೇಳಿಕೆಯಾದ್ದರಿಂದ ಆ ಪತ್ರಗಳಿಗೆ ಬೆಲೆ ಬಂತು ಎಂದು ನಾನು ತಿಳಿಯುತ್ತೇನೆ.

ನಮ್ಮಲ್ಲಿ ಏನಾಯಿತು? 2001ರಲ್ಲಿ ಭಾರತ ಆಹಾರ ನಿಗಮದ ಗೋದಾಮುಗಳಲ್ಲಿ ಸುಮಾರು 6 ಕೋಟಿ ಟನ್ ಧಾನ್ಯ ಕೂತಿತ್ತು, ರಾಜಸ್ಥಾನದಲ್ಲಿ ಜನ ಹಸಿದಿದ್ದರು. ಇದನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟದ್ದು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ. ಆ ವರ್ಷದ ನವೆಂಬರ್ 28ರ ಆದೇಶ ಪ್ರತಿ ಸರ್ಕಾರಿ, ಅನುದಾನಿತ ಪ್ರಾಥಮಿಕ ಶಾಲೆಯ ಮಗುವಿಗೂ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನಿನ ಬಿಸಿಯೂಟವನ್ನು ವರ್ಷಕ್ಕೆ 200 ದಿನ ಕೊಡಬೇಕೆಂದಿತು. ಕರ್ನಾಟಕದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ರಾಜ್ಯಕ್ಕೆಲ್ಲ ಹರಡಿತು. ದಾಸೋಹ ಎಂಬ ಶರಣರ ಮಾತನ್ನೇ ಸರ್ಕಾರ ತನ್ನ ಯೋಜನೆಗೆ ಇಟ್ಟುಕೊಂಡಿತು. ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಮಾತ್ರ ಮಠಗಳಲ್ಲ, ದೇವಸ್ಥಾನಗಳಲ್ಲ. ನಮ್ಮವರು ಕೈಕಟ್ಟಿ ಕೂತಿದ್ದರು ಎಂದಲ್ಲ. ಇಸ್ಕಾನಿನ ಅಕ್ಷಯ ಪಾತ್ರೆ 2000ದಲ್ಲೇ ಬೆಂಗಳೂರಿನ 5 ಶಾಲೆಗಳ 1,500 ಮಕ್ಕಳಿಗೆ ಊಟ ಕೊಡಲು ತೊಡಗಿತ್ತು; ಆಮೇಲೆ ಸರ್ಕಾರದ ಧಾನ್ಯ, ಅಡುಗೆ ವೆಚ್ಚ ಮತ್ತು ದಾನಿಗಳ ಹಣ ಸೇರಿ 2024ರ ಹೊತ್ತಿಗೆ 400 ಕೋಟಿ ಊಟಗಳ ಲೆಕ್ಕ ಮುಟ್ಟಿತು. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಅನ್ನವಿಟ್ಟು ಅಕ್ಷರ ಕಲಿಸಿದ್ದನ್ನು ನಾಡು ಮರೆಯುವಂತಿಲ್ಲ. ಆದರೆ ಸಂಖ್ಯೆಯನ್ನೇ ನೋಡಿದರೆ, ಆ ಒಂದು ಆದೇಶ ಮುಟ್ಟಿದಷ್ಟು ಮಕ್ಕಳನ್ನು ನಮ್ಮ ಎಲ್ಲ ಪಾಕಶಾಲೆಗಳು ಸೇರಿದರೂ ಮುಟ್ಟಲಾರವು.

ಇಲ್ಲಿಯೇ ಅತಿ ಗಂಭೀರವಾದ ಆಕ್ಷೇಪ ಎದುರಾಗುತ್ತದೆ. ಧರ್ಮಸಂಸ್ಥೆಗಳು ಅನ್ನದ ನೀತಿಯಲ್ಲಿ ಬಾಯಿ ಹಾಕಿದರೆ ತಮ್ಮ ಮಡಿ ಮೈಲಿಗೆಯನ್ನೂ ಜೊತೆಗೆ ತರುತ್ತವೆ ಎಂಬ ಭಯ. ಇದು ಕಟ್ಟಿದ ಭಯವಲ್ಲ. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ಮಾತು ಬಂದಾಗಲೆಲ್ಲ ಹಲವು ಮಠಾಧೀಶರು ವಿರೋಧಿಸಿದ್ದಾರೆ. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಿದ್ದ ಜಿಲ್ಲೆಗಳಲ್ಲಿ ಮೊಟ್ಟೆ ಶುರುವಾದಾಗ ಆ ವಿರೋಧ ಬೀದಿಗೂ ಬಂತು. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟವನ್ನು ಸರ್ಕಾರಿ ಶಾಲೆಯ ಮಕ್ಕಳು ಏಕೆ ಉಣ್ಣಬೇಕು ಎಂದು ಆಹಾರ ಹಕ್ಕಿನ ಕಾರ್ಯಕರ್ತರು 2018–19ರಲ್ಲಿ ಕೇಳಿದ ಪ್ರಶ್ನೆಯೂ ಇದೇ ಜಾತಿಯದು. ಮೊಟ್ಟೆ ಉಣ್ಣದ ಮಗುವಿಗೆ ಬಾಳೆಹಣ್ಣು, ಶೇಂಗಾ ಚಿಕ್ಕಿಯ ಏರ್ಪಾಡಾಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಒಪ್ಪಂದವಾಯಿತು. ಬಹುಸಂಖ್ಯೆಯ ಮಕ್ಕಳು ಮೊಟ್ಟೆಯನ್ನೇ ಆರಿಸಿಕೊಂಡರು. ಕ್ಷೇತ್ರದ ಪಂಕ್ತಿಯಲ್ಲಿ ಕ್ಷೇತ್ರದ ಪದ್ಧತಿ ನಡೆಯುವುದು ಸರಿಯೇ. ಅಲ್ಲಿಗೆ ಬರುವವರು ದೇವಿಯ ಪ್ರಸಾದವೆಂದು ಬರುತ್ತಾರೆ. ಸರ್ಕಾರದ ಹಣದಲ್ಲಿ ಹಸಿದವರಿಗೆ ಸಲ್ಲುವ ಅನ್ನ ಹಾಗಲ್ಲ, ಅದು ಉಣ್ಣುವವರ ಹಕ್ಕು, ಅದರ ರುಚಿಯೂ ಅವರದು. ಹಸಿದವರ ಪರ ಕೇಳಲು ಹೊರಟ ಧರ್ಮಸಂಸ್ಥೆ ಎಷ್ಟು ಕೊಡಬೇಕು, ಎಂದು ಕೊಡಬೇಕು, ಯಾರಿಗೂ ತಪ್ಪದಂತೆ ಹೇಗೆ ಕೊಡಬೇಕು ಎಂದು ಕೇಳಲಿ. ತಟ್ಟೆಯಲ್ಲಿ ಏನಿರಬೇಕು ಎಂಬುದನ್ನು ಉಣ್ಣುವವರಿಗೂ ಆಹಾರ ತಜ್ಞರಿಗೂ ಬಿಡಲಿ. ಈ ಒಂದು ಸಂಯಮ ಇಲ್ಲದಿದ್ದರೆ ನಮ್ಮ ಕೇಳಿಕೆಗೆ ನೈತಿಕ ಬಲ ಉಳಿಯುವುದಿಲ್ಲ. ಆಕ್ಷೇಪಿಸುವವರು ಗೆದ್ದಂತೆಯೇ.

ಮನೆಯ ಮಕ್ಕಳು ಹಸಿದಿರುವಾಗ ಪರದೇಶದ ಮಾತೇಕೆ ಎನ್ನುವವರಿಗೂ ಉತ್ತರ ಕೊಡಬೇಕು. ನಮ್ಮಲ್ಲಿ ಅಪೌಷ್ಟಿಕತೆ ಇನ್ನೂ ದೊಡ್ಡ ಪ್ರಮಾಣದಲ್ಲಿದೆ. ಆದರೆ ಅದು ಗೋದಾಮಿನಲ್ಲಿ ಧಾನ್ಯವಿಲ್ಲದ ಕಾರಣಕ್ಕಲ್ಲ. 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಬಂತು, ಅದೇ ವರ್ಷ ಕರ್ನಾಟಕದಲ್ಲಿ ಅನ್ನಭಾಗ್ಯ ಶುರುವಾಯಿತು. ಜುಲೈ 1ಕ್ಕೆ ಕೇಂದ್ರದ ದಾಸ್ತಾನಿನಲ್ಲಿ ಇರಬೇಕಾದ ಅಕ್ಕಿ 1.35 ಕೋಟಿ ಟನ್. 2025ರಲ್ಲಿ ಇದ್ದದ್ದು ಅದರ ಎರಡು ಪಟ್ಟಿಗೂ ಮಿಗಿಲು. ನಮ್ಮ ಮಕ್ಕಳಿಗೆ ಬೇಕಾದದ್ದು ಬೇಳೆ, ಹಾಲು, ಮೊಟ್ಟೆ, ತರಕಾರಿ, ಶುದ್ಧ ನೀರು. ಇವುಗಳಿಗಾಗಿ ಕೇಳುವುದಕ್ಕೂ ಮಿಗುತಾಯ ಅಕ್ಕಿಯಲ್ಲಿ ಒಂದು ಪಾಲನ್ನು ಸೂಡಾನಿಗೋ ಆಫ್ಘಾನಿಸ್ತಾನಕ್ಕೋ ಕಳಿಸಿ ಎಂದು ಕೇಳುವುದಕ್ಕೂ ಜಗಳವಿಲ್ಲ. ಭಾರತ ಹೀಗೆ ಮಾಡಿದ್ದೂ ಉಂಟು. 2002ರಲ್ಲಿ ಆಫ್ಘಾನಿಸ್ತಾನಕ್ಕೆ 10 ಲಕ್ಷ ಟನ್ ಗೋಧಿ ಕೊಡುವ ಮಾತಾಯಿತು. ಪಾಕಿಸ್ತಾನ ದಾರಿ ಬಿಡಲಿಲ್ಲ, ಗೋಧಿ ಪೌಷ್ಟಿಕ ಬಿಸ್ಕತ್ತಾಗಿ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಶಾಲೆಗಳನ್ನು ಸೇರಿತು. 2022ರ ಫೆಬ್ರುವರಿ 22ರಂದು 50,000 ಟನ್ ಗೋಧಿಯ ಮೊದಲ ಕಂತು ಅಟ್ಟಾರಿ ಗಡಿಯಿಂದ ಹೊರಟಿತು, ಆಗ ಕಾಬೂಲಿನಲ್ಲಿದ್ದದ್ದು ಭಾರತ ಮಾನ್ಯ ಮಾಡದ ಆಡಳಿತ. ಇದು ಒಳ್ಳೆಯ ಕೆಲಸ. ಕೊರತೆಯೆಂದರೆ ಇದು ರಾಜತಾಂತ್ರಿಕರ ಲೆಕ್ಕಾಚಾರದಂತೆ ಆಗೀಗ ನಡೆಯುತ್ತದೆ. 2023ರ ಜುಲೈ 20ರಂದು ಬಿಳಿ ಅಕ್ಕಿಯ ರಫ್ತು ನಿಂತಾಗ, ನಮ್ಮ ಅಕ್ಕಿಯನ್ನೇ ನಂಬಿದ್ದ ಆಫ್ರಿಕದ ಬಡ ದೇಶಗಳು ಸರ್ಕಾರದಿಂದ ಸರ್ಕಾರಕ್ಕೆ ಮನವಿ ಮಾಡಿ ವಿನಾಯಿತಿ ಪಡೆಯಬೇಕಾಯಿತು. ಅವರ ಪರವಾಗಿ ನಮ್ಮ ಯಾವ ಅನ್ನಕ್ಷೇತ್ರವೂ ದನಿಯೆತ್ತಿದ್ದು ಕೇಳಲಿಲ್ಲ.

ಧಾನ್ಯದ ನೆರವು ಪಡೆದ ದೇಶದ ರೈತನನ್ನು ಕೆಡಿಸುತ್ತದೆ ಎಂಬ ಮಾತೂ ಅನುಭವದಿಂದ ಬಂದದ್ದೇ. ಪಿಎಲ್ 480 ಗೋಧಿಯ ಕಾಲದಲ್ಲಿ ಅಮೆರಿಕದ ಅಧ್ಯಕ್ಷರು ಹಡಗುಗಳನ್ನು ತಡೆತಡೆದು ಬಿಟ್ಟು ನಮ್ಮ ನೀತಿಯನ್ನು ಬಗ್ಗಿಸಲು ನೋಡಿದರು. ಆ ಅವಮಾನವೂ ಹಸಿರು ಕ್ರಾಂತಿಗೆ ಒಂದು ಕಾರಣ. ಧಾನ್ಯದ ಅರ್ಧದಷ್ಟು ಅಮೆರಿಕದ ಹಡಗುಗಳಲ್ಲೇ ಹೋಗಬೇಕೆಂಬ ಕಟ್ಟಳೆ ನೆರವನ್ನು ದುಬಾರಿ ಮಾಡಿದೆ. ಇದನ್ನು ತಿದ್ದಲು ಒತ್ತಾಯಿಸಿದವರಲ್ಲೂ ಧಾರ್ಮಿಕ ಸಂಘಗಳಿದ್ದವು ಎಂಬುದನ್ನು ಮರೆಯಬಾರದು. ನೆರವಿನ ಧಾನ್ಯವನ್ನು ಪಡೆದ ದೇಶದ ಪೇಟೆಯಲ್ಲಿ ಮಾರಿ ಹಣ ಮಾಡುವ ಕ್ರಮ ರೈತರಿಗೆ ಕೆಡುಕೆಂದು ಕೇರ್ ಸಂಸ್ಥೆ 2007ರಲ್ಲಿ ವರ್ಷಕ್ಕೆ ಸುಮಾರು 4.5 ಕೋಟಿ ಡಾಲರಿನ ಸರ್ಕಾರಿ ನೆರವನ್ನೇ ಬಿಟ್ಟುಕೊಡಲು ನಿರ್ಧರಿಸಿತು. ಚೆನ್ನಾಗಿ ಕೇಳುವವರು ಹೇಗೆ ಕೊಡಬೇಕೆಂಬುದನ್ನೂ ಕೇಳುತ್ತಾರೆ: ಬರ, ಯುದ್ಧಗಳ ತುರ್ತಿಗೆ ಧಾನ್ಯ, ಉಳಿದ ಕಾಲದಲ್ಲಿ ಆಯಾ ಸೀಮೆಯ ರೈತರಿಂದಲೇ ಕೊಳ್ಳಲು ಹಣ.

ಈ ಮಾತಿಗೆ ಈಗಲೇ ಅವಸರವಿದೆ. 2024ರಲ್ಲಿ ಜಗತ್ತಿನಲ್ಲಿ ಹಸಿದವರು ಅಂದಾಜು 67.3 ಕೋಟಿ. 2025ರ ಜನವರಿಯಲ್ಲಿ ಅಮೆರಿಕದ ವಿದೇಶಿ ನೆರವು ಒಮ್ಮೆಲೆ ನಿಂತಿತು, ಜುಲೈ 1ಕ್ಕೆ ಯುಎಸ್‌ಏಡ್ ಎಂಬ ಸಂಸ್ಥೆಯೇ ಮುಚ್ಚಿತು. 2020ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಪಡೆದ ವಿಶ್ವ ಆಹಾರ ಕಾರ್ಯಕ್ರಮ 2025ರಲ್ಲಿ ತನ್ನ ಹಣದಲ್ಲಿ ಸುಮಾರು ಶೇ. 40ರಷ್ಟು ಕುಸಿತ ಎದುರಿಸಿತು. ಪಡಿತರ ಕಡಿತವಾಯಿತು, ಕೆಲವು ಶಿಬಿರಗಳಲ್ಲಿ ನಿಂತೇಹೋಯಿತು. ಅಮೆರಿಕದ ಚರ್ಚುಗಳು ಪತ್ರ ಬರೆಯುತ್ತಲೇ ಇವೆ. ಅವರ ಪತ್ರಗಳು ಸದ್ಯಕ್ಕೆ ಸೋತಿವೆ ಎಂದು ಒಪ್ಪಿಕೊಳ್ಳಬೇಕು. ಹೀಗೆ ಒಂದು ಕೈ ಹಿಂದೆ ಸರಿದಾಗ ಇನ್ನೊಂದು ಕೈ ಮುಂದೆ ಬರಬೇಕು, ಗೋದಾಮು ತುಂಬಿರುವ ದೇಶದ ಕೈಯಂತೂ ಬರಲೇಬೇಕು.

ಅನ್ನಪೂರ್ಣೆಯ ಕಥೆಯಲ್ಲಿ ಕಪಾಲ ಹಿಡಿದು ಬಂದು ನಿಂತವನು ಸಾಕ್ಷಾತ್ ಶಿವ. ಬೇಡುವುದನ್ನು ಹೀನವೆಂದು ಆ ಕಥೆ ಎಲ್ಲಿಯೂ ಹೇಳಿಲ್ಲ. ಕ್ಷೇತ್ರದ ಆಡಳಿತದವರಲ್ಲಿ, ಈ ಸಂಚಿಕೆಯನ್ನು ಓದುವ ಭಕ್ತರಲ್ಲಿ ನನ್ನದೊಂದು ಕೋರಿಕೆ. ಹೊರನಾಡು, ಧರ್ಮಸ್ಥಳ, ಶೃಂಗೇರಿ, ಉಡುಪಿ, ಸಿದ್ಧಗಂಗೆ, ಜೊತೆಗೆ ಮಲೆನಾಡಿನ ಚರ್ಚು, ಮಸೀದಿ, ಬಸದಿಗಳು ಕೂಡಿ ಕೇಂದ್ರದ ಆಹಾರ ಮತ್ತು ವಿದೇಶಾಂಗ ಸಚಿವರಿಗೆ, ನಮ್ಮ ಸಂಸತ್ ಸದಸ್ಯರಿಗೆ ಒಂದು ಪತ್ರ ಬರೆಯಲಿ. ಮಿಗುತಾಯ ದಾಸ್ತಾನಿನಲ್ಲಿ ಒಂದು ನಿಶ್ಚಿತ ಪಾಲನ್ನು, ಅದನ್ನು ಸಾಗಿಸುವ ವೆಚ್ಚವನ್ನೂ ಸೇರಿಸಿ, ಪ್ರತಿ ವರ್ಷದ ಮುಂಗಡಪತ್ರದಲ್ಲೇ ತೆಗೆದಿಟ್ಟು ವಿಶ್ವ ಆಹಾರ ಕಾರ್ಯಕ್ರಮಕ್ಕೆ ಕೊಡಬೇಕು, ಕೊಡುವಾಗ ಪಡೆಯುವವರ ಧರ್ಮವನ್ನೂ ಅವರ ಸರ್ಕಾರದ ಬಣ್ಣವನ್ನೂ ನೋಡಬಾರದು ಎಂಬಷ್ಟೇ ಅದರಲ್ಲಿರಲಿ. ತಮಗಾಗಿ ಒಂದು ರೂಪಾಯಿಯನ್ನೂ ಅದರಲ್ಲಿ ಕೇಳದಿರಲಿ. ಮುಂದಿನ ಅಕ್ಷಯ ತದಿಗೆಯಂದು ದೇವಿಯ ಮುಂದೆ ಹೊರೆಕಾಣಿಕೆ ಇಡುವಾಗ ಆ ಪತ್ರವನ್ನೂ ಅಕ್ಕಿಮೂಟೆಯ ಪಕ್ಕದಲ್ಲಿಟ್ಟು, ಆಮೇಲೆ ದೆಹಲಿಗೆ ಕಳಿಸೋಣ.